ನಿವೇಶನದ ಬೆಲೆಯಲ್ಲಿ ಅಡಗಿರುವ ರಸ್ತೆ

ಕೋಟೆಯ ಊರಾದ ಉದಗೀರ ತನ್ನ ಹಳೆಯ ಮೇರೆಗಳನ್ನು ದಾಟಿ ಬೆಳೆದಿದೆ. 2011ರ ಜನಗಣತಿಯ ವೇಳೆಗೇ ಇಲ್ಲಿನ ಜನಸಂಖ್ಯೆ ಒಂದು ಲಕ್ಷವನ್ನು ಮೀರಿತ್ತು. ಮಕ್ಕಳ ವಿದ್ಯಾಭ್ಯಾಸಕ್ಕೆಂದು ಹಳ್ಳಿಯಿಂದ ಬಂದ ಕುಟುಂಬ ನಿವೇಶನ ಕೊಳ್ಳುವಾಗ ಎರಡು ಮಾತು ವಿಚಾರಿಸುತ್ತದೆ: ದರವೆಷ್ಟು, ಶಾಲೆ ಎಷ್ಟು ದೂರ. ಆ ಶಾಲೆಗೆ ಹೋಗುವ ರಸ್ತೆಗೆ, ಅದರ ಬದಿಯ ಗಟಾರಕ್ಕೆ ಹಣ ತೆರುವವರು ಯಾರೆಂಬ ಪ್ರಶ್ನೆ ಮೊದಲ ಮಳೆಗಾಲದವರೆಗೆ ಏಳುವುದಿಲ್ಲ.

ಕಾನೂನಿನಲ್ಲಿ ಇದಕ್ಕೆ ಉತ್ತರವಿದೆ. 1966ರ ಮಹಾರಾಷ್ಟ್ರ ಪ್ರಾದೇಶಿಕ ಹಾಗೂ ನಗರ ರಚನಾ ಅಧಿನಿಯಮಕ್ಕೆ 1992ರಲ್ಲಿ ‘ವಿಕಾಸ ಶುಲ್ಕ’ದ ಅಧ್ಯಾಯವನ್ನು ಸೇರಿಸಲಾಯಿತು. ಭೂಮಿಯ ಬಳಕೆಯನ್ನು ಬದಲಿಸುವವರೂ ಕಟ್ಟಡ ಕಟ್ಟುವವರೂ ಅದನ್ನು ಭರಿಸಬೇಕು. ಸಂಗ್ರಹವಾದ ಹಣ ಸಾರ್ವಜನಿಕ ಸೌಕರ್ಯಗಳಿಗೆ ಸಲ್ಲಬೇಕು. ಹಣವಲ್ಲದೆ ನೆಲದ ರೂಪದ ಕೊಡುಗೆಯೂ ಉಂಟು. 2020ರ ಏಕೀಕೃತ ನಿಯಮಾವಳಿಯಂತೆ 0.4 ಹೆಕ್ಟೇರ್, ಅಂದರೆ ಸುಮಾರು ಒಂದು ಎಕರೆ ಅಥವಾ ಅದಕ್ಕೂ ದೊಡ್ಡದಾದ ಭೂಮಿಯನ್ನು ನಿವೇಶನಗಳಾಗಿ ವಿಂಗಡಿಸುವಾಗ ಶೇಕಡಾ 10ರಷ್ಟನ್ನು ಬಯಲಾಗಿ ಬಿಡಬೇಕು. ನಾಲ್ಕು ಎಕರೆಯ ಬಡಾವಣೆಯಲ್ಲಿ ಮಕ್ಕಳ ಆಟಕ್ಕೆ ಹದಿನಾರು ಗುಂಟೆ! ಒಳರಸ್ತೆಗಳಿಗೆ ಬಿಡುವ ಜಾಗ ಇದಕ್ಕೆ ಹೊರತಾದುದು.

ಇದನ್ನು ಡೆವಲಪರನ ಔದಾರ್ಯವೆಂದು ಬಗೆಯಬೇಕಿಲ್ಲ. ತೆತ್ತ ಶುಲ್ಕವನ್ನೂ ಬಿಟ್ಟ ನೆಲವನ್ನೂ ಅವನು ಉಳಿದ ನಿವೇಶನಗಳ ಬೆಲೆಯಲ್ಲಿ ಸೇರಿಸಿಯೇ ಮಾರುತ್ತಾನೆ. ಕೊಂಡವರು ರಸ್ತೆಗಾಗಿ ನಗರ ಪರಿಷತ್ತಿನ ಮುಂದೆ ನಿಂತಾಗ ಬೇಡಲು ಬಂದವರಲ್ಲ, ಕೊಟ್ಟ ಹಣದ ಲೆಕ್ಕ ಕೇಳಲು ಬಂದವರು.

ತೊಡಕಿರುವುದು ಗುಂಠೇವಾರಿಯಲ್ಲಿ. ಕನ್ನಡದ ಗುಂಟೆಯೇ ಮರಾಠಿಯ ಗುಂಠಾ: 1,089 ಚದರ ಅಡಿ. ಮಂಜೂರಾತಿಯಿಲ್ಲದ ಹೊಲವನ್ನು ಗುಂಟೆಗಳಾಗಿ ಕತ್ತರಿಸಿ, ಛಾಪಾ ಕಾಗದದ ಮೇಲೆ ಬರೆದುಕೊಟ್ಟು ಮಾರುವವನು ಶುಲ್ಕ ಭರಿಸುವುದಿಲ್ಲ, ಬಯಲು ಬಿಡುವುದಿಲ್ಲ. ಆದ್ದರಿಂದಲೇ ಅವನ ದರ ಅಗ್ಗ. ಅವನು ಹಣ ಎಣಿಸಿಕೊಂಡು ಹೋದ ಬಳಿಕ ಉಳಿಯುವವರು ಕೊಂಡವರು ಮಾತ್ರ. ಇಂತಹ ವಸತಿಗಳ ಸಕ್ರಮಕ್ಕಾಗಿ 2001ರಲ್ಲಿ ಗುಂಠೇವಾರಿ ಅಧಿನಿಯಮ ಬಂದಿತು. 2021ರ ತಿದ್ದುಪಡಿಯಿಂದ ಅದರ ಗಡುವು 2020ರ ಡಿಸೆಂಬರ್ 31ರವರೆಗೆ ವಿಸ್ತರಿಸಿತು. ಸಕ್ರಮಕ್ಕೆ ದಂಡದ ರೂಪದ ಶುಲ್ಕವನ್ನೂ ವಿಕಾಸ ಶುಲ್ಕವನ್ನೂ ನಿವೇಶನದಾರರೇ ತೆರಬೇಕು. ಮಾರಿದವನು ಉಳಿಸಿಕೊಂಡ ಹಣವನ್ನು ಕೊಂಡವರು ಎರಡನೆಯ ಬಾರಿ ಕೊಟ್ಟಂತಾಯಿತು. ಹೀಗೆ ಬಂದ ಹಣ ಆಯಾ ಬಡಾವಣೆಯ ಸೌಕರ್ಯಕ್ಕೇ ವಿನಿಯೋಗವಾಗಬೇಕೆಂಬುದು ಆ ಕಾಯ್ದೆಯ ಆಶಯ. ಅದನ್ನು ಕೇಳಿ ಪಡೆಯುವ ಶ್ರಮವೂ ಅವರದೇ.

ಬಿಟ್ಟ ಬಯಲು ಬಯಲಾಗಿಯೇ ಉಳಿಯುತ್ತದೆಂಬ ಭರವಸೆಯೂ ಇಲ್ಲ. ಬೆಂಗಳೂರಿನ ರಾಜಮಹಲ್ ವಿಲಾಸ ಬಡಾವಣೆಯಲ್ಲಿ ಉದ್ಯಾನಕ್ಕೆ ಮೀಸಲಾದ ಜಾಗವನ್ನು ಖಾಸಗಿ ಆಸ್ಪತ್ರೆಗೆ ಹಂಚಿದಾಗ ನಿವಾಸಿಗಳು ನ್ಯಾಯಾಲಯದ ಮೆಟ್ಟಿಲೇರಿದರು. 1991ರಲ್ಲಿ ಸರ್ವೋಚ್ಚ ನ್ಯಾಯಾಲಯ ಬೆಂಗಳೂರು ಮೆಡಿಕಲ್ ಟ್ರಸ್ಟ್ ಪ್ರಕರಣದಲ್ಲಿ ಅವರ ಪರವಾಗಿ ತೀರ್ಪಿತ್ತಿತು. ಆಸ್ಪತ್ರೆಯೂ ಜನೋಪಯೋಗಿಯೇ ಎಂಬ ವಾದ ಅಲ್ಲಿ ನಿಲ್ಲಲಿಲ್ಲ. ಬಡಾವಣೆಯ ನಿವಾಸಿಗಳಿಗೆ ದಾವೆ ಹೂಡುವ ಅಧಿಕಾರವಿದೆಯೆಂಬುದೂ ಸ್ಥಿರವಾಯಿತು.

ಮುಂಗಡ ಕೊಡುವ ಮುನ್ನ ಸಾತಬಾರಾ ಉತಾರದ ಜೊತೆಗೆ ಅಂತಿಮವಾಗಿ ಮಂಜೂರಾದ ನಕ್ಷೆಯನ್ನೂ ಕೇಳಬೇಕು. ಅದು ಮರಾಠಿಯಲ್ಲಿದ್ದರೆ ಶಾಲೆಯಲ್ಲಿ ಎರಡೂ ಭಾಷೆ ಕಲಿಯುತ್ತಿರುವ ಮಗಳೇ ಓದಿ ಹೇಳಬಲ್ಲಳು. ಈಗಾಗಲೇ ಮನೆ ಕಟ್ಟಿಕೊಂಡವರು 2005ರ ಮಾಹಿತಿ ಹಕ್ಕು ಅಧಿನಿಯಮದಡಿ ಹತ್ತು ರೂಪಾಯಿ ಶುಲ್ಕದೊಂದಿಗೆ ನಗರ ಪರಿಷತ್ತಿಗೆ ಅರ್ಜಿ ಸಲ್ಲಿಸಬಹುದು: ತಮ್ಮ ಬಡಾವಣೆಯಿಂದ ಸಂಗ್ರಹವಾದ ಶುಲ್ಕವೆಷ್ಟು, ಅದು ಯಾವ ಕಾಮಗಾರಿಗೆ ವೆಚ್ಚವಾಯಿತು, ನಕ್ಷೆಯ ಬಯಲು ಈಗ ಯಾರ ವಶದಲ್ಲಿದೆ. ಉತ್ತರಕ್ಕೆ 30 ದಿನಗಳ ಅವಧಿಯಿದೆ.