ಉಪವಾಕ್ಯ (ಇಂಗ್ಲಿಷ್ ವ್ಯಾಕರಣ)

ಇಂಗ್ಲಿಷ್ ವ್ಯಾಕರಣದಲ್ಲಿ ಉಪವಾಕ್ಯ ಅಥವಾ ಕ್ಲಾಜ್ ಎಂದರೆ ಕರ್ತೃಪದವನ್ನೂ ಅದಕ್ಕೆ ಸಂಬಂಧಿಸಿದ ಕ್ರಿಯಾಪದವನ್ನೂ ಒಳಗೊಂಡ ಪದಸಮೂಹ. 'ಆಫ್ಟರ್ ದ ರೇನ್' ಎಂಬಲ್ಲಿ ಕ್ರಿಯಾಪದವಿಲ್ಲದ ಕಾರಣ ಅದು ಕೇವಲ ಪದಗುಚ್ಛ. 'ಆಫ್ಟರ್ ದ ರೇನ್ ಸ್ಟಾಪ್ಡ್' ಎಂಬುದು ಉಪವಾಕ್ಯ.

ವಿಧಗಳು

ಸ್ವತಂತ್ರವಾಗಿ ನಿಂತು ಪೂರ್ಣ ಅರ್ಥ ಕೊಡುವುದನ್ನು ಪ್ರಧಾನ ಉಪವಾಕ್ಯವೆಂದೂ, ಅರ್ಥಕ್ಕಾಗಿ ಇನ್ನೊಂದನ್ನು ಅವಲಂಬಿಸುವುದನ್ನು ಅಧೀನ ಉಪವಾಕ್ಯವೆಂದೂ ಕರೆಯುತ್ತಾರೆ. ಅಧೀನ ಉಪವಾಕ್ಯವು ವಾಕ್ಯದಲ್ಲಿ ನಾಮಪದ, ವಿಶೇಷಣ ಅಥವಾ ಕ್ರಿಯಾವಿಶೇಷಣದ ಕೆಲಸ ಮಾಡುತ್ತದೆ.

ವಾಕ್ಯರಚನೆ

* ಸಾಮಾನ್ಯ ವಾಕ್ಯ: ಒಂದೇ ಪ್ರಧಾನ ಉಪವಾಕ್ಯವಿರುತ್ತದೆ. ಉದಾ: 'ದ ರೇನ್ ಸ್ಟಾಪ್ಡ್.'
* ಸಂಯೋಜಿತ ವಾಕ್ಯ: ಎರಡು ಅಥವಾ ಹೆಚ್ಚು ಪ್ರಧಾನ ಉಪವಾಕ್ಯಗಳಿರುತ್ತವೆ. ಉದಾ: 'ದ ರೇನ್ ಸ್ಟಾಪ್ಡ್, ಆಂಡ್ ವೀ ಲೆಫ್ಟ್.'
* ಮಿಶ್ರ ವಾಕ್ಯ: ಪ್ರಧಾನ ಉಪವಾಕ್ಯದೊಡನೆ ಒಂದಾದರೂ ಅಧೀನ ಉಪವಾಕ್ಯವಿರುತ್ತದೆ. ಉದಾ: 'ಆಫ್ಟರ್ ದ ರೇನ್ ಸ್ಟಾಪ್ಡ್, ವೀ ಲೆಫ್ಟ್.'

ಸಂಯೋಜಕ ಪದವಿಲ್ಲದೆ ಎರಡು ಪ್ರಧಾನ ಉಪವಾಕ್ಯಗಳನ್ನು ಕೇವಲ ಅಲ್ಪವಿರಾಮದಿಂದ ಜೋಡಿಸುವುದನ್ನು ಸಾಮಾನ್ಯವಾಗಿ ದೋಷವೆಂದು ಪರಿಗಣಿಸಲಾಗುತ್ತದೆ. ಅಧೀನ ಉಪವಾಕ್ಯದ ಮುಂದೆ ಪೂರ್ಣವಿರಾಮವಿಟ್ಟು ಅದನ್ನು ಒಂಟಿಯಾಗಿ ಬಿಡುವುದೂ ಔಪಚಾರಿಕ ಬರವಣಿಗೆಯಲ್ಲಿ ದೋಷವೇ.

ಅಲ್ಪವಿರಾಮ ಮತ್ತು ಅರ್ಥ

ವಿಶೇಷಣ ಉಪವಾಕ್ಯದಲ್ಲಿ ಅಲ್ಪವಿರಾಮವು ಅರ್ಥವನ್ನೇ ಬದಲಿಸಬಲ್ಲದು. 'ದ ಸ್ಟೂಡೆಂಟ್ಸ್ ಹೂ ಕೇಮ್ ಲೇಟ್ ಮಿಸ್ಡ್ ದ ಎಕ್ಸಾಮ್' ಎಂದರೆ ತಡವಾಗಿ ಬಂದವರಿಗೆ ಮಾತ್ರ ಪರೀಕ್ಷೆ ತಪ್ಪಿತು. 'ಹೂ ಕೇಮ್ ಲೇಟ್' ಎಂಬುದರ ಎರಡೂ ಬದಿಗೆ ಅಲ್ಪವಿರಾಮವಿಟ್ಟರೆ ಆ ವಿದ್ಯಾರ್ಥಿಗಳೆಲ್ಲರೂ ತಡವಾಗಿ ಬಂದರು, ಎಲ್ಲರಿಗೂ ಪರೀಕ್ಷೆ ತಪ್ಪಿತು ಎಂದಾಗುತ್ತದೆ.

ಕನ್ನಡದೊಂದಿಗೆ ಹೋಲಿಕೆ

'ಮಳೆ ನಿಂತ ಮೇಲೆ ನಾವು ಹೊರಟೆವು' ಎಂಬ ಕನ್ನಡ ವಾಕ್ಯದಲ್ಲಿ 'ಹೊರಟೆವು' ಒಂದೇ ಪೂರ್ಣ ಕ್ರಿಯಾಪದ. 'ನಿಂತ' ಎಂಬುದು ಕೃದಂತ. ಇದೇ ಅರ್ಥದ ಇಂಗ್ಲಿಷ್ ಮಿಶ್ರ ವಾಕ್ಯದಲ್ಲಿ 'ಸ್ಟಾಪ್ಡ್' ಮತ್ತು 'ಲೆಫ್ಟ್' ಎರಡೂ ಪೂರ್ಣ ಕ್ರಿಯಾಪದಗಳು. ಕನ್ನಡದ 'ನಿಂತ ಮೇಲೆ' ಎಂಬ ರೂಪವೇ ಮಾತು ಮುಗಿದಿಲ್ಲವೆಂದು ತಿಳಿಸುತ್ತದೆ; ಇಂಗ್ಲಿಷಿನಲ್ಲಿ ಆ ಸೂಚನೆ ದೊರೆಯುವುದು 'ಆಫ್ಟರ್' ಎಂಬ ಪದದಿಂದ ಮಾತ್ರ. ಅದನ್ನು ತೆಗೆದರೆ ಉಳಿದದ್ದು ಸ್ವತಂತ್ರ ವಾಕ್ಯವಾಗುತ್ತದೆ. ಆದುದರಿಂದ ಉದ್ದನೆಯ ಇಂಗ್ಲಿಷ್ ವಾಕ್ಯವನ್ನು ಬಿಡಿಸುವಾಗ ಮೊದಲು ಪೂರ್ಣ ಕ್ರಿಯಾಪದಗಳನ್ನೂ ಅವುಗಳ ಕರ್ತೃಗಳನ್ನೂ ಗುರುತಿಸಿ, ಬಳಿಕ ಸಂಯೋಜಕ ಪದಗಳನ್ನು ನೋಡಿದರೆ ಉಪವಾಕ್ಯಗಳ ಎಲ್ಲೆ ಸ್ಪಷ್ಟವಾಗುತ್ತದೆ.