ಗ್ರೀಕರ ವಿಭಕ್ತಿಗಳೂ ನಮ್ಮ ‘ಮನ್ಯಾಗ’ವೂ

ನಮ್ಮ ಮುಧೋಳದ ರನ್ನನ ಗದಾಯುದ್ಧವನ್ನು ನಾಟಕವಾಗಿಸಿದ ಬಿ. ಎಂ. ಶ್ರೀಕಂಠಯ್ಯನವರೇ 1929ರಲ್ಲಿ ಸೊಫೊಕ್ಲಿಸನ ‘ಏಜಾಕ್ಸ್’ ನಾಟಕವನ್ನು ‘ಅಶ್ವತ್ಥಾಮನ್’ ಎಂದು ಕನ್ನಡಕ್ಕೆ ಒಗ್ಗಿಸಿಕೊಟ್ಟರು. ಅದನ್ನು ಓದಿದ ಬಳಿಕ ಮೂಲಭಾಷೆಯ ರುಚಿಯನ್ನಾದರೂ ನೋಡೋಣವೆಂದು, ಇಂಗ್ಲಿಷರಿಗಾಗಿ ಬರೆದ ಪ್ರಾಚೀನ ಗ್ರೀಕ್ ವ್ಯಾಕರಣವೊಂದನ್ನು ಕೈಗೆತ್ತಿಕೊಂಡೆನು. ವಿಭಕ್ತಿ ಎಂದರೇನೆಂದು ತಿಳಿಸುವದಕ್ಕೇ ಅದರ ಲೇಖಕರು ಪುಟಗಟ್ಟಲೆ ಶ್ರಮಪಡುತ್ತಾರೆ. ಪಾಪ, ಅವರ ವಾಚಕರಿಗೆ ಅದು ಅವಶ್ಯ. ಇಂಗ್ಲಿಷಿನ ನಾಮಪದವು ತನ್ನ ಹಳೆಯ ವಿಭಕ್ತಿಗಳನ್ನು ಬಹುಮಟ್ಟಿಗೆ ಕಳೆದುಕೊಂಡು, ತನಗಿಂತ ಮೊದಲು ಬರುವ ‘ಇನ್’, ‘ಟು’, ‘ಫ್ರಮ್’ ಮುಂತಾದ ಉಪಸರ್ಗಗಳನ್ನು ಊರುಗೋಲು ಮಾಡಿಕೊಂಡಿದೆ. ಜಮಖಂಡಿಯ ಹುಡುಗನಿಗೆ ಆ ಪುಟಗಳು ಬೇಕಿಲ್ಲ.

ಗ್ರೀಕಿನಲ್ಲಿ ಉಪಸರ್ಗವೂ ಉಂಟು, ವಿಭಕ್ತಿಯೂ ಉಂಟು. ಎರಡೇಕೆ? ಸಂಸ್ಕೃತವು ಕಾಪಾಡಿಕೊಂಡ ಎಂಟು ವಿಭಕ್ತಿಗಳಲ್ಲಿ ಗ್ರೀಕಿಗೆ ಉಳಿದವು ಸಂಬೋಧನೆಯೂ ಸೇರಿ ಐದು. ಪಂಚಮಿಯು ಷಷ್ಠಿಯಲ್ಲಿ ಕರಗಿತು. ತೃತೀಯೆ, ಸಪ್ತಮಿಗಳು ಚತುರ್ಥಿಯಲ್ಲಿ ಸೇರಿಹೋದವು. ಒಂದೇ ಷಷ್ಠಿಯು ‘ಗುರುವಿನ’ ಎಂದೂ ‘ಗುರುವಿನಿಂದ’ ಎಂದೂ ಅರ್ಥಕೊಡತೊಡಗಿದಾಗ ಸ್ಪಷ್ಟತೆಗಾಗಿ ಉಪಸರ್ಗದ ನೆರವು ಬೇಕಾಯಿತು. ‘ಪರಾ’ ಎಂಬ ಒಂದೇ ಉಪಸರ್ಗವು ಷಷ್ಠಿಯೊಡನೆ ‘ಬಳಿಯಿಂದ’, ಚತುರ್ಥಿಯೊಡನೆ ‘ಬಳಿಯಲ್ಲಿ’, ದ್ವಿತೀಯೆಯೊಡನೆ ‘ಬಳಿಗೆ’ ಎಂದಾಗುವದು. ‘ಮೆತಾ’ ಎಂಬುದು ಷಷ್ಠಿಯೊಡನೆ ‘ಜೊತೆಗೆ’, ದ್ವಿತೀಯೆಯೊಡನೆ ‘ಅನಂತರ’.

ಇಂಗ್ಲಿಷ್ ವಿದ್ಯಾರ್ಥಿಯು ಇದನ್ನು ಪಟ್ಟಿಮಾಡಿ ಬಾಯಿಪಾಠ ಮಾಡಬೇಕಾಗುತ್ತದೆ. ನಾವೋ ಇಂಥದನ್ನು ದಿನವೂ ಆಡುತ್ತೇವೆ. ಬೀಳಗಿಯ ಬಸ್ಸು ‘ಅಗಸಿಯ ಮುಂದೆ’ ನಿಂತರೆ ಅದು ಅಗಸಿಯ ಎದುರಿಗಿದೆ. ‘ಅಗಸಿಯಿಂದ ಮುಂದೆ’ ನಿಂತರೆ ಅಗಸಿಯನ್ನು ದಾಟಿದೆ, ಗಂಟು ಹೊತ್ತುಕೊಂಡು ಓಡಬೇಕು! ‘ಮುಂದೆ’ ಬದಲಾಗಲಿಲ್ಲ, ವಿಭಕ್ತಿ ಬದಲಾಯಿತು. ಇದನ್ನು ನಮಗೆ ಯಾವ ಶಾಲೆಯೂ ಕಲಿಸಲಿಲ್ಲ.

ಭೇದವೂ ಒಂದುಂಟು. ಗ್ರೀಕನು ಪ್ರತ್ಯಯವನ್ನು ನಾಮಪದಕ್ಕೆ ಹಚ್ಚಿದರೆ, ನಾವು ಅನೇಕ ವೇಳೆ ‘ಮೇಲೆ’, ‘ಬಳಿ’ ಮುಂತಾದ ಶಬ್ದಗಳಿಗೇ ಹಚ್ಚುತ್ತೇವೆ. ಬನಹಟ್ಟಿಯ ನೇಕಾರನ ಸೀರೆಯು ‘ಮಗ್ಗದ ಮ್ಯಾಲ’ ಇರುವದು, ನೇಯ್ದಾದ ಮೇಲೆ ‘ಮಗ್ಗದ ಮ್ಯಾಲಿಂದ’ ಇಳಿಯುವದು. ‘ಮೇಲು’ ಎಂಬುದು ಸ್ವತಃ ನಾಮಪದವಾದ್ದರಿಂದಲೇ ಅದಕ್ಕೆ ಪ್ರತ್ಯಯ ಹತ್ತುವದು.

ಎಲ್ಲದರಲ್ಲಿಯೂ ನಾವೇ ಮುಂದೆಂದು ಬೀಗಬೇಕಾಗಿಲ್ಲ. ನಮ್ಮ ‘ಇಂದ’ವು ಅತಿಯಾಗಿ ದುಡಿಯುವ ಪ್ರತ್ಯಯ: ಬಾಗಿಲಿನಿಂದ ಬಂದ, ಕೊಡಲಿಯಿಂದ ಕಡಿದ, ಮಳೆಯಿಂದ ಬೆಳೆ ಕೆಟ್ಟಿತು. ಗ್ರೀಕರ ‘ದಿಯಾ’ ಷಷ್ಠಿಯೊಡನೆ ‘ಮೂಲಕ’ವೆಂದೂ, ದ್ವಿತೀಯೆಯೊಡನೆ ‘ಕಾರಣದಿಂದ’ ಎಂದೂ ಬೇರ್ಪಡಿಸಿ ಹೇಳುತ್ತದೆ. ಇಲ್ಲಿ ಮಾತ್ರ ನಾವು ಎಚ್ಚರದಿಂದ ಕಲಿಯಬೇಕು.

ಆದರೆ ನನಗೆ ಬೇಸರ ತರುವ ಸಂಗತಿ ಬೇರೆ. ರಬಕವಿಯಿಂದಲೋ ಹಳ್ಳಿಯಿಂದಲೋ ಬಂದ ನಮ್ಮ ಗೆಳೆಯರು ‘ಮನ್ಯಾಗ’ ಎಂದು ಬಾಯಿತಪ್ಪಿ ಆಡಿದೊಡನೆ ನಾಚಿ ‘ಮನೆಯಲ್ಲಿ’ ಎಂದು ತಿದ್ದಿಕೊಳ್ಳುತ್ತಾರೆ. 13ನೆಯ ಶತಮಾನದ ಕೇಶಿರಾಜನು ಶಬ್ದಮಣಿದರ್ಪಣದಲ್ಲಿ ಸಪ್ತಮಿಗೆ ಹೇಳಿದ ಪ್ರತ್ಯಯ ‘ಒಳ್’. ‘ಮನೆಯೊಳಗೆ’ ಸವೆದು ‘ಮನ್ಯಾಗ’ ಆಯಿತು. ಕೇಶಿರಾಜನಿಗೆ ‘ಅಲ್ಲಿ’ಗಿಂತ ನಮ್ಮ ‘ಆಗ’ವೇ ಹತ್ತಿರದ ನಂಟ. ಪಂಚಮಿಗೆಂದು ಶಾಲೆಯಲ್ಲಿ ಒಪ್ಪಿಸಿದ ‘ದೆಸೆಯಿಂದ’ವನ್ನಾದರೋ ಮರದಿಂದ ಹಣ್ಣು ಬಿದ್ದಾಗ ಯಾರೂ ಆಡಿದ್ದನ್ನು ನಾನು ಕೇಳಿಲ್ಲ. ಸಂಸ್ಕೃತದ ಏಳರ ಅಚ್ಚಿಗೆ ಸರಿಹೊಂದಲೆಂದು ಕೂಡಿಸಿದಂತಿದೆ ಅದು.

ಗ್ರೀಕಿನಲ್ಲಿ ‘ಅಪೊ’ ಎಂದರೆ ಒಂದರ ಕಡೆಯಿಂದ, ‘ಎಕ್’ ಎಂದರೆ ಒಂದರ ಒಳಗಿನಿಂದ, ಎರಡಕ್ಕೂ ಷಷ್ಠಿಯೇ. ಈ ಸೂಕ್ಷ್ಮವು ಆ ಪಂಚಮಿಯ ಸಾಲಿನಲ್ಲಿಲ್ಲ, ನಮ್ಮ ಆಡುಮಾತಿನಲ್ಲುಂಟು. ಮುಧೋಳದಲ್ಲಿ ಘಟಪ್ರಭೆಗೆ ಹೋದವನು ‘ಹೊಳಿಯಿಂದ’ ಬಂದರೆ ಅವನ ಧೋತರ ಒಣಗಿಯೇ ಇರಬಹುದು. ‘ಹೊಳ್ಯಾಗಿಂದ’ ಬಂದರೆ ತೊಯ್ದಿರಲೇಬೇಕು.