ಊರು ಕಟ್ಟುವ ಮುನ್ನ ಊರವರ ಮಾತು

ಮನೆಯೆಂದರೆ ನಾಲ್ಕು ಗೋಡೆ, ಮೇಲೊಂದು ಮಾಳಿಗೆ ಎಂದು ಅನೇಕರು ತಿಳಿದಿದ್ದಾರೆ. ಆದರೆ ನಮ್ಮ ಜತ್ತ ತಾಲೂಕಿನ ಒಕ್ಕಲುತನದ ಮನೆಯೊಂದನ್ನು ಒಳಹೊಕ್ಕು ನೋಡಿರಿ. ಅಲ್ಲಿ ಎತ್ತುಗಳಿಗೆ ಗೋದಲಿಯುಂಟು; ಜೋಳದ ಚೀಲಗಳಿಗೆ ಬೆಚ್ಚಗಿನ ಮೂಲೆಯುಂಟು; ಆಡು-ಕುರಿಗಳಿಗೆ ಮರೆಯುಂಟು. ಬರಗಾಲದ ನಾಡಾದುದರಿಂದ ನೀರು ತುಂಬಿಡಲು ಸ್ಥಳವೂ ಉಂಟು. ಇವುಗಳಲ್ಲಿ ಒಂದನ್ನು ತೆಗೆದರೂ ಆ ಮನೆತನದ ಬಾಳು ಕುಂಟುತ್ತದೆ. ಪೇಟೆಯೂ ಹಾಗೆಯೇ. ಸಂತೆಗೆ ಕಾಯಿಪಲ್ಯೆ ಹೊತ್ತು ತರುವ ಮುದುಕಿಗೆ ಕೂಡ್ರಲು ನೆರಳು, ಕುಡಿಯಲು ನೀರು, ಸಮೀಪದಲ್ಲಿಯೇ ಬಸ್ಸು ಬೇಕು. ಇವಿಲ್ಲದ ಪೇಟೆ ಎಷ್ಟು ಅಂದವಾಗಿದ್ದರೂ ಅವಳ ಪಾಲಿಗೆ ಇಲ್ಲದಂತೆಯೇ.

ಈ ಅವಶ್ಯಕತೆಗಳನ್ನು ಬಲ್ಲವರು ಯಾರು? ಅಲ್ಲಿ ಬಾಳುವವರೇ. ಇದಕ್ಕೆ ನೆರೆಯ ಸೊಲ್ಲಾಪುರದಲ್ಲಿ ಒಳ್ಳೆಯ ನಿದರ್ಶನವಿದೆ. ಅಲ್ಲಿಯ ಸಾವಿರಾರು ಮಹಿಳೆಯರು ಎಲೆ-ತಂಬಾಕು ಒಯ್ದು, ಮನೆಯಲ್ಲಿಯೇ ಕುಳಿತು ಬೀಡಿ ಕಟ್ಟುವರು. ಅವರಿಗೆ ಮನೆಯೇ ಕಾರಖಾನೆ. ಇಕ್ಕಟ್ಟಾದ ಬಾಡಿಗೆಯ ಕೋಣೆಗಳಲ್ಲಿ ದುಡಿದು ಬೇಸತ್ತ ಅವರು ಸಂಘಟಿತರಾಗಿ, ಗೋದೂತಾಯಿ ಪರುಳೇಕರ ಅವರ ಹೆಸರಿನಲ್ಲಿ ಸಹಕಾರಿ ಗೃಹನಿರ್ಮಾಣ ಸಂಘವನ್ನು ಕಟ್ಟಿದರು. ಕೇಂದ್ರ ಹಾಗೂ ರಾಜ್ಯ ಸರಕಾರಗಳ ನೆರವಿಗೆ ತಮ್ಮ ದುಡಿಮೆಯ ಹಣವನ್ನೂ ಕೂಡಿಸಿದರು. ಹೀಗೆ ಕುಂಭಾರಿ ಗ್ರಾಮದ ಬಳಿ 10,000 ಮನೆಗಳು ನಿಂತವು. 2006ರಲ್ಲಿ ಪ್ರಧಾನಮಂತ್ರಿ ಮನಮೋಹನ ಸಿಂಗ ಅವರು ಅವುಗಳನ್ನು ಹಸ್ತಾಂತರಿಸಿದರು. ಮುಂದೆ ಇದೇ ಮಾದರಿಯಲ್ಲಿ ಬೀಡಿ ಕಾರ್ಮಿಕರು, ಮಗ್ಗದ ಕೆಲಸಗಾರರು, ಚಿಂದಿ ಆಯುವವರು ಮುಂತಾದವರಿಗಾಗಿ ರಾಯನಗರವೆಂಬ ವಸತಿ ಎದ್ದಿತು. ಅದರ 15,000 ಮನೆಗಳು 2024ರ ಜನೇವರಿಯಲ್ಲಿ ಲೋಕಾರ್ಪಣಗೊಂಡವು.

ನಮ್ಮ ಊರಿನ ವಿಷಯದಲ್ಲಿ ನಾವು ಮಾತನಾಡಲು ಮಾರ್ಗವುಂಟೇ? ಉಂಟು. ಹಳ್ಳಿಗಳಲ್ಲಿ ಗ್ರಾಮಸಭೆಯಿದೆ. ಪಟ್ಟಣಗಳಿಗೆ ಮಹಾರಾಷ್ಟ್ರದ 1966ರ ಪ್ರಾದೇಶಿಕ ಹಾಗೂ ನಗರರಚನಾ ಕಾಯದೆಯಿದೆ. ಅದರ ಪ್ರಕಾರ ಊರಿನ ಅಭಿವೃದ್ಧಿ ಯೋಜನೆಯ ಕರಡನ್ನು ಮೊದಲು ಪ್ರಕಟಿಸಬೇಕು. ರಸ್ತೆ ಎಲ್ಲಿ ಅಗಲವಾಗುವುದು, ಮಾರುಕಟ್ಟೆ, ಶಾಲೆ, ಮೈದಾನಗಳಿಗೆ ಯಾವ ಭೂಮಿ ಮೀಸಲು ಎಂಬುದೆಲ್ಲ ಅದರಲ್ಲಿರುತ್ತದೆ. ಬಳಿಕ ಗೊತ್ತುಪಡಿಸಿದ ಅವಧಿಯಲ್ಲಿ ಯಾವ ನಾಗರಿಕನಾದರೂ ತನ್ನ ಆಕ್ಷೇಪಣೆ, ಸೂಚನೆಗಳನ್ನು ಬರೆದು ಕೊಡಬಹುದು. ಅವಧಿ ಮೀರಿದ ಮೇಲೆ ಚಾವಡಿಯ ಕಟ್ಟೆಯ ಮೇಲೆ ಕುಳಿತು ಹಲುಬಿದರೆ ಫಲವಿಲ್ಲ.

ವಿದ್ಯಾರ್ಥಿ ಮಿತ್ರರೇ, ಇಲ್ಲಿಯೇ ನಿಮ್ಮ ಕರ್ತವ್ಯವಿದೆ. ಇಂಥ ಪ್ರಕಟಣೆಗಳು ಮರಾಠಿಯಲ್ಲಿ ಬರುತ್ತವೆ. ಕನ್ನಡವನ್ನಷ್ಟೇ ಬಲ್ಲ ಅಜ್ಜ-ಅಜ್ಜಿಯರು ಫಲಕದ ಮುಂದೆ ನಿಂತು, ಏನೂ ತಿಳಿಯದೆ ಮರಳುವುದುಂಟು. ನೀವು ಕನ್ನಡದಲ್ಲಿ ಕಲಿಯುತ್ತೀರಿ, ಮರಾಠಿಯನ್ನೂ ಓದುತ್ತೀರಿ. 'ಹರಕತೀ ವ ಸೂಚನಾ' ಎಂಬ ಶೀರ್ಷಿಕೆ ಕಂಡಲ್ಲಿ ನಿಂತು ಓದಿರಿ. ಕೊನೆಯ ದಿನಾಂಕವನ್ನು ಬರೆದುಕೊಳ್ಳಿರಿ. ಮನೆಯಲ್ಲಿ ಹಿರಿಯರಿಗೆ ಕನ್ನಡದಲ್ಲಿ ವಿವರಿಸಿರಿ. ಪಾಲಕರೂ ಅದನ್ನು ಮಕ್ಕಳ ಮಾತೆಂದು ತಳ್ಳಿಹಾಕದೆ, ನೆರೆಹೊರೆಯವರೊಡನೆ ವಿಚಾರ ಮಾಡಿ, ತಮ್ಮ ಬೇಡಿಕೆಯನ್ನು ಬರೆದು ಸಲ್ಲಿಸಲಿ. ಓದಲು ಬಲ್ಲ ಒಬ್ಬ ಬಾಲಕ ಇಡೀ ಓಣಿಗೆ ಉಪಕಾರಿಯಾಗಬಲ್ಲನು.